12 ವೋಲ್ಟ್ ಗಾಳಿ ಫ್ಯಾನ್‌ಗೆ ಮನೆಯ ಕರೆಂಟ್ ಕೊಡುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗವಾಕ್ಷಿ ಇರುತ್ತದೆ. ಅದರ ಬಾಯಿಗೆ, ಇಲ್ಲವೇ ಬಚ್ಚಲು, ಅಡುಗೆಮನೆ, ತೊಗರಿ ಚೀಲ ಇಡುವ ಕೋಣೆ, ಇನ್ವರ್ಟರ್ ಇಟ್ಟ ಮೂಲೆಗೆ 12 ವೋಲ್ಟ್ ಡಿಸಿಯ ಸಣ್ಣ ಫ್ಯಾನ್ ಕೂರಿಸುವವರು ಹೆಚ್ಚುತ್ತಿದ್ದಾರೆ. ಕಂಪ್ಯೂಟರ್ ಡಬ್ಬಿಯೊಳಗೆ ಇರುವಂಥ 120 ಮಿ.ಮೀ. ಚೌಕದ ಫ್ಯಾನ್ ಇದು. ಸದ್ದು ಕಡಿಮೆ, ತಿನ್ನುವುದು 2ರಿಂದ 4 ವ್ಯಾಟ್. ಸಂಜೆ ಹೊತ್ತು ವೋಲ್ಟೇಜ್ 150ಕ್ಕೆ ಇಳಿಯುವ ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದು ಲಾಭವೂ ಇದೆ: ಮಾಮೂಲಿ ಎಕ್ಸಾಸ್ಟ್ ಫ್ಯಾನ್ ತೆವಳತೊಡಗಿದರೂ, 100ರಿಂದ 240 ವೋಲ್ಟ್ ತನಕ ನಡೆಯುವ, ಎಸಿಯನ್ನು 12 ವೋಲ್ಟ್ ಡಿಸಿ ಮಾಡಿ ಕೊಡುವ ಎಸ್‌ಎಂಪಿಎಸ್ ಮೇಲೆ ಇದು ಅದೇ ವೇಗದಲ್ಲಿ ತಿರುಗುತ್ತದೆ.

ಅಪಾಯವೆಲ್ಲ ಗೋಡೆಯ 230 ವೋಲ್ಟ್ ಎಸಿ 12 ವೋಲ್ಟ್ ಡಿಸಿಗೆ ಇಳಿಯುವ ಜಾಗದಲ್ಲಿದೆ. ಆದ್ದರಿಂದ ಇಡೀ ಕೆಲಸಕ್ಕೆ ಒಂದೇ ನಿಯಮ ಹಿಡಿಯಬೇಕು. 230 ವೋಲ್ಟ್ ಒಣಗಿದ, ಮುಚ್ಚಿದ, ಕೈಗೆ ಸಿಗುವ ಒಂದು ಡಬ್ಬಿಯೊಳಗೆ ಮುಗಿಯಬೇಕು. ಅಲ್ಲಿಂದ ಮುಂದೆ ಫ್ಯಾನ್ ತನಕ ಹೋಗುವುದು 12 ವೋಲ್ಟ್ ಮಾತ್ರ.

ಮೊದಲು ಲೇಬಲ್ ಓದಿ

120 ಮಿ.ಮೀ. ಚೌಕದ ಫ್ಯಾನ್ 12, 24, 48 ವೋಲ್ಟ್ ಡಿಸಿಯಲ್ಲೂ ಬರುತ್ತದೆ, 220–240 ವೋಲ್ಟ್ ಎಸಿಯಲ್ಲೂ ಬರುತ್ತದೆ. ನೋಡಲು ಎಲ್ಲವೂ ಒಂದೇ. ಗುಜರಿಯಲ್ಲಿ ಸಿಗುವ, ಮೊಬೈಲ್ ಟವರ್‌ನಿಂದ ಕಳಚಿದ ಫ್ಯಾನ್ ಹೆಚ್ಚಾಗಿ 48 ವೋಲ್ಟಿನದು. 12ಕ್ಕೆ ಕೊಟ್ಟರೆ ಅಲುಗುವುದೇ ಇಲ್ಲ. ಲೇಬಲ್ ಅಳಿಸಿಹೋಗಿದ್ದರೆ ಅದನ್ನು ಕೊಳ್ಳಬೇಡಿ.

ಲೇಬಲ್‌ನಲ್ಲಿ ನೋಡಬೇಕಾದ್ದು ವೋಲ್ಟ್ ಮತ್ತು ಆಂಪ್. 25 ಮಿ.ಮೀ. ದಪ್ಪದ ಫ್ಯಾನ್ ಸಾಮಾನ್ಯವಾಗಿ 0.15ರಿಂದ 0.3 ಆಂಪ್ ಎಳೆಯುತ್ತದೆ. 38 ಮಿ.ಮೀ. ದಪ್ಪದ್ದು 0.5ರಿಂದ 1 ಆಂಪ್ ಮತ್ತು ಅದಕ್ಕೂ ಹೆಚ್ಚು. ಗಾಳಿ ಜಾಸ್ತಿ, ಕಿರಿಚುವುದೂ ಜಾಸ್ತಿ, ಮಲಗುವ ಕೋಣೆಗೆ ಅದು ಬೇಡ. ಎರಡು ವೈರ್ ಇದ್ದರೆ ಕೆಂಪು ಪ್ಲಸ್, ಕಪ್ಪು ಮೈನಸ್. ಮೂರನೆಯ ವೈರ್ ವೇಗದ ಸುಳಿವು ಕೊಡುವಂಥದ್ದು. ತುದಿಗೆ ಟೇಪ್ ಸುತ್ತಿ ಹಾಗೇ ಬಿಡಿ. ನಾಲ್ಕು ವೈರಿನವುಗಳಲ್ಲಿ ಕೆಲವಕ್ಕೆ ಹಳದಿಯೇ ಪ್ಲಸ್ ಆಗಿರುತ್ತದೆ, ಹಾಗಾಗಿ ಬಣ್ಣ ನೋಡಿ ಊಹಿಸದೆ ತಯಾರಕರ ಚಿತ್ರ ನೋಡಿ.

ಎಷ್ಟು ಫ್ಯಾನ್ ಬೇಕು? 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲು ಎಂದರೆ 315 ಘನ ಅಡಿ. ತಾಸಿಗೆ ಎಂಟು ಸಲ ಗಾಳಿ ಬದಲಾಗಬೇಕೆಂದರೆ ನಿಮಿಷಕ್ಕೆ 42 ಘನ ಅಡಿ ಹೊರಹೋಗಬೇಕು. 25 ಮಿ.ಮೀ. ಫ್ಯಾನ್ ಡಬ್ಬಿಯ ಮೇಲೆ 60–80 ಎಂದು ಬರೆದಿರುತ್ತದೆ, ಆದರೆ ಅದು ಎದುರಿಗೆ ಯಾವ ತಡೆಯೂ ಇಲ್ಲದಾಗಿನ ಲೆಕ್ಕ. ಜಾಲರಿ, ಎರಡಡಿ ದಪ್ಪದ ಗೋಡೆಯೊಳಗಿನ ಪೈಪು, ಹೊರಗಿನ ಮುಚ್ಚಳ ಸೇರಿದರೆ ಅರ್ಧ ಸಿಕ್ಕರೆ ಹೆಚ್ಚು. ಈ ಬಚ್ಚಲಿಗೆ ಒಂದು ಸಾಲದು, ಎರಡು ಹಾಕಿ. ಬಾಗಿಲ ಕೆಳಗೆ ಒಂದಿಂಚು ಸಂದು ಬಿಡುವುದೂ ಅಷ್ಟೇ ಮುಖ್ಯ. ಒಳಬರಲು ದಾರಿ ಇಲ್ಲದಿದ್ದರೆ ಎಷ್ಟು ಫ್ಯಾನ್ ಹಾಕಿದರೂ ಗಾಳಿ ಹೊರಹೋಗುವುದಿಲ್ಲ.

ಎಸ್‌ಎಂಪಿಎಸ್ ಆರಿಸುವುದು

ಒಂದೆರಡು ಫ್ಯಾನ್‌ಗೆ ಪ್ಲಗ್ಗಿಗೆ ಚುಚ್ಚುವ 12 ವೋಲ್ಟ್ 2 ಆಂಪ್ ಅಡಾಪ್ಟರ್ ಸಾಕು. ಐಎಸ್ 13252 ಎಂದೂ ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆಯೂ ಅದರ ಮೇಲೆ ಇರಬೇಕು. ವೈರ್‌ಮನ್ ಕೆಲಸ ಗೊತ್ತಿಲ್ಲದವರು ಇದನ್ನೇ ಹಾಕಿಕೊಳ್ಳಲಿ. 230 ವೋಲ್ಟಿನ ಒಂದು ಸ್ಕ್ರೂ ಕೂಡ ಮುಟ್ಟಬೇಕಾಗಿಲ್ಲ, ಈಗಿರುವ 6 ಆಂಪ್ ಸಾಕೆಟ್‌ಗೆ ಚುಚ್ಚಿದರಾಯಿತು. ಮನೆಗಳಲ್ಲಿ ಹತ್ತರಲ್ಲಿ ಎಂಟು ಕಡೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದೂ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಫ್ಯಾನ್ ನಾಲ್ಕೈದು ಆದರೆ ಸಿಸಿಟಿವಿ ಅಂಗಡಿಗಳಲ್ಲಿ ಸಿಗುವ 12 ವೋಲ್ಟ್ 5 ಆಂಪಿನ ಲೋಹದ ಎಸ್‌ಎಂಪಿಎಸ್ ತನ್ನಿ. ಲೆಕ್ಕ ಹೀಗೆ: ಎಲ್ಲ ಫ್ಯಾನ್‌ಗಳ ಆಂಪ್ ಕೂಡಿಸಿ, ಅದರ ಎರಡು ಪಟ್ಟು ಹಿಡಿಯಿರಿ. 0.3 ಆಂಪಿನ ಮೂರು ಫ್ಯಾನ್ ಎಂದರೆ 0.9, 2 ಆಂಪಿನದು ತರಬೇಕು. ಬೇರೆ ಊರಲ್ಲಿ ಕಾಲು ಭಾಗ ಹೆಚ್ಚು ಹಿಡಿದರೆ ನಡೆದೀತು. ಆದರೆ ಬಹಳಷ್ಟು ಎಸ್‌ಎಂಪಿಎಸ್‌ಗಳು ಸುತ್ತಲಿನ ಗಾಳಿ 50 ಡಿಗ್ರಿ ದಾಟಿದರೆ ಪೂರ್ತಿ ಆಂಪ್ ಕೊಡಲಾರವು. ನಮ್ಮ ಮೇ ತಿಂಗಳಲ್ಲಿ ತಗಡಿನ ಕೆಳಗೆ 50 ಎಂಬುದು ದೊಡ್ಡ ಮಾತಲ್ಲ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧ ಆಗುತ್ತದೆ. ಹೀಗಾಗಿ ಡಬ್ಬಿಯನ್ನು ತಗಡಿಗೆ ತಾಗಿಸಿ ಕೂರಿಸದೆ ಕೋಣೆಯೊಳಗೆ ಎದೆಯೆತ್ತರದಲ್ಲಿ, ಸುತ್ತ 50 ಮಿ.ಮೀ. ಬಿಟ್ಟು ಹಾಕಿ.

ಕೆಲವು ಲೋಹದ ಎಸ್‌ಎಂಪಿಎಸ್‌ಗಳ ಪಕ್ಕದಲ್ಲಿ 115/230 ಎಂಬ ಸಣ್ಣ ಕೆಂಪು ಸ್ವಿಚ್ ಇರುತ್ತದೆ. ಕರೆಂಟ್ ಕೊಡುವ ಮೊದಲು ಅದು 230ರಲ್ಲಿ ಇದೆಯೇ ನೋಡಿ. 115ರಲ್ಲಿಟ್ಟು ಆನ್ ಮಾಡಿದರೆ ಒಳಗೆ ಢಂ ಎಂದು ಮುಗಿದೇ ಹೋಗುತ್ತದೆ.

ಇವು ಬೇಡವೇ ಬೇಡ

ಕೆಟ್ಟ ಎಲ್‌ಇಡಿ ಪ್ಯಾನೆಲ್‌ನಿಂದ ಬಿಚ್ಚಿದ ಡ್ರೈವರ್. ಅದು ಕೊಡುವುದು ಇಂತಿಷ್ಟು ಎಂಬ ಕರೆಂಟ್. ವೋಲ್ಟೇಜ್ ಹೊರೆಗೆ ತಕ್ಕಂತೆ ಏರಿಳಿಯುತ್ತದೆ. ಅಗ್ಗದವುಗಳಲ್ಲಿ ಒಳಗೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರೇ ಇಲ್ಲ, ಅಂದರೆ ಫ್ಯಾನ್‌ನ ಕಪ್ಪು ವೈರ್ ಮುಟ್ಟಿದರೆ ನೇರ ಫೇಸ್ ಮುಟ್ಟಿದಂತೆಯೇ ಆಗಬಹುದು. ಕೆಪಾಸಿಟರ್ ಮತ್ತು ಡಯೋಡ್ ಹಾಕಿ 230ನ್ನು 12ಕ್ಕೆ ಇಳಿಸುವ ಸರ್ಕ್ಯೂಟ್‌ಗಳಿಗೂ ಇದೇ ದೋಷ. ಮೀಟರ್ ಎರಡು ವೈರಿನ ನಡುವೆ 12 ತೋರಿಸುತ್ತದೆ, ನೆಲಕ್ಕೆ ಹಿಡಿದರೆ 200 ದಾಟುತ್ತದೆ. ಬಲ್ಬನ್ನು ಸೀರೀಸ್ ಹಾಕುವುದು, ಹತ್ತೊಂಬತ್ತು ಫ್ಯಾನ್ ಸಾಲಾಗಿ ಜೋಡಿಸಿ ಗೋಡೆಗೆ ಕೊಡುವುದು ಇತ್ಯಾದಿ ಕಸರತ್ತುಗಳ ಗತಿಯೂ ಇದೇ.

ಹಳೆಯ, ಕೈಯಲ್ಲಿ ಹಿಡಿದರೆ ಭಾರವೆನಿಸುವ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಸುರಕ್ಷಿತವೇ, ಆದರೆ 12 ಎಂದು ಬರೆದದ್ದು ಹೊರೆ ಇಲ್ಲದಾಗ 16–17 ಕೊಡುತ್ತದೆ. ಒಂದೇ ಸಣ್ಣ ಫ್ಯಾನ್ ಹಾಕಿದರೆ ಅದು ಅಷ್ಟನ್ನೂ ತಿಂದು ಬೇಗ ಸಾಯುತ್ತದೆ. ಸೋಲಾರ್ ಪ್ಯಾನೆಲ್‌ಗೆ ನೇರ ಜೋಡಿಸುವವರಿಗೂ ಇದೇ ಎಚ್ಚರಿಕೆ: 12 ವೋಲ್ಟಿನ ಪ್ಯಾನೆಲ್ ಎಂದು ಮಾರುವುದು ಬಿಸಿಲಲ್ಲಿ 18, ಹೊರೆ ಇಲ್ಲದೆ 21–22 ವೋಲ್ಟ್ ಕೊಡುತ್ತದೆ.

ಇನ್ವರ್ಟರ್ ಬ್ಯಾಟರಿಯ ಟರ್ಮಿನಲ್‌ನಿಂದ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಚಾರ್ಜ್ ಆಗುವಾಗ ಅಲ್ಲಿ 14.4 ವೋಲ್ಟ್ ಇರುತ್ತದೆ, ಬಹಳಷ್ಟು ಫ್ಯಾನ್‌ಗಳ ಮಿತಿ 13.2 ಅಥವಾ 13.8. ಎರಡು ಬ್ಯಾಟರಿಯ 24 ವೋಲ್ಟ್ ಇನ್ವರ್ಟರ್ ಆಗಿದ್ದರೆ ಒಂದರಿಂದ ಮಾತ್ರ ಎಳೆದು ಅದನ್ನು ಬಡಕಲು ಮಾಡುತ್ತೀರಿ. ಫ್ಯೂಸ್ ಇಲ್ಲದ ತೆಳು ವೈರ್ ಶಾರ್ಟ್ ಆದರೆ ಆ ಬ್ಯಾಟರಿ ನೂರಾರು ಆಂಪ್ ಸುರಿಯುತ್ತದೆ, ವೈರೇ ಹೀಟರ್ ಕಾಯಿಲ್‌ನಂತೆ ಕೆಂಪಗಾಗುತ್ತದೆ. ಸುಲಭ ದಾರಿ: ಅಡಾಪ್ಟರ್ ಅನ್ನು ಇನ್ವರ್ಟರ್ ಲೈನಿನ ಸಾಕೆಟ್‌ಗೆ ಚುಚ್ಚಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೂ ಎಸ್‌ಎಂಪಿಎಸ್ ಓಡುತ್ತದೆ.

230 ವೋಲ್ಟಿನ ಭಾಗ

ಲೋಹದ ಎಸ್‌ಎಂಪಿಎಸ್ ಹಾಕುವುದಾದರೆ ಈ ಭಾಗವನ್ನು ಪರವಾನಗಿ ಇರುವ ವೈರ್‌ಮನ್ ಕೈಯಿಂದಲೇ ಮಾಡಿಸಿ. ನಿಂತು ನೋಡಲು ನಿಮಗೂ ಕ್ರಮ ಗೊತ್ತಿರಲಿ.

ಎಂಸಿಬಿ ಇಳಿಸಿ, ಇನ್ವರ್ಟರ್ ಸಹ ಆಫ್ ಮಾಡಿ. ಕರೆಂಟ್ ಹೋಗಿದೆ, ಈಗಲೇ ಮಾಡಿಬಿಡೋಣ ಎನ್ನುವುದು ಅತಿ ಕೆಟ್ಟ ಯೋಚನೆ. ಜೆಸ್ಕಾಂ ಲೈನ್ ಯಾವ ಕ್ಷಣದಲ್ಲಾದರೂ ಬರಬಹುದು, ಇನ್ವರ್ಟರ್ ಲೈನ್ ಅಂತೂ ಹೋಗಿರುವುದೇ ಇಲ್ಲ. ಮಲ್ಟಿಮೀಟರ್ ಅನ್ನು ಎಸಿ 750 ವೋಲ್ಟಿನ ರೇಂಜಿಗೆ ಇಟ್ಟು ಮೊದಲು ಕರೆಂಟ್ ಇರುವ ಬೇರೆ ಸಾಕೆಟ್‌ನಲ್ಲಿ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಮೊದಲಿನ ಸಾಕೆಟ್‌ನಲ್ಲಿ. ಮೂರನೆಯ ಸಲ ನೋಡುವುದು ಮೀಟರೇ ನಡುವೆ ಕೆಟ್ಟಿಲ್ಲ ಎಂದು ಖಾತ್ರಿಗೆ. ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ. ಒಣ ಚಪ್ಪಲಿ ಮೆಟ್ಟಿ ಮರದ ಸ್ಟೂಲ್ ಮೇಲೆ ನಿಂತರೆ ಫೇಸ್ ಇದ್ದರೂ ಅದು ಮಿಣುಕದೇ ಇರಬಹುದು.

ಎಸ್‌ಎಂಪಿಎಸ್ ಟರ್ಮಿನಲ್‌ಗಳು ಸಾಮಾನ್ಯವಾಗಿ ಸಾಲಾಗಿ ಫೇಸ್, ನ್ಯೂಟ್ರಲ್, ಅರ್ಥ್, ಮೈನಸ್, ಪ್ಲಸ್ ಇರುತ್ತವೆ. ಫೇಸ್ ಮತ್ತು ಮೈನಸ್ ನಡುವೆ ಎರಡೇ ಸ್ಕ್ರೂ ಅಂತರ! ಒಂದು ಎಳೆ ತಂತಿ ಆಚೆ ಚಾಚಿದರೂ ಕಥೆ ಮುಗಿಯಿತು. ವೈರ್‌ನ ತುದಿಗೆ ಲಗ್ (ಲೋಹದ ಸಣ್ಣ ಕೊಂಡಿ) ಒತ್ತಿ ಸ್ಕ್ರೂ ಬಿಗಿಯಿರಿ. ಎಳೆಗಳಿಗೆ ಬೆಸುಗೆ ಹಾಕಿ ಸ್ಕ್ರೂ ಕೆಳಗೆ ಕೊಡುವುದು ಅಚ್ಚುಕಟ್ಟಾಗಿ ಕಂಡರೂ, ಸೀಸ ನಿಧಾನಕ್ಕೆ ಜಗ್ಗಿ ಸ್ಕ್ರೂ ಸಡಿಲಾಗುತ್ತದೆ, ಆಮೇಲೆ ಕಾಯುತ್ತದೆ. ಈ ಕಡೆ ಬರುವ ವೈರ್ 3 ಕೋರ್, 1 ಚದರ ಮಿ.ಮೀ. ತಾಮ್ರದ್ದು, ಐಎಸ್ 694 ಗುರುತಿನದು. ಹಿಂದೆ 6 ಆಂಪ್ ಎಂಸಿಬಿ, ಅದಕ್ಕೂ ಹಿಂದೆ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ. ಫೇಸ್ ಮಾತ್ರ ಸ್ವಿಚ್ ಮೂಲಕ ಹೋಗಲಿ. ಎಸ್‌ಎಂಪಿಎಸ್ ಪೂರ್ತಿ ಒಂದು ಪಿವಿಸಿ ಡಬ್ಬಿಯೊಳಗೆ ಕೂರಬೇಕು, ಅದಕ್ಕೆ ಗಾಳಿ ಸೀಳು ಇರಬೇಕು, ಹಲ್ಲಿ ನುಗ್ಗದಂತೆ ಸೀಳಿಗೆ ಜಾಲರಿಯೂ ಬೇಕು. ಹಲ್ಲಿ ಸತ್ತು ಶಾರ್ಟ್ ಆದ ಎಸ್‌ಎಂಪಿಎಸ್ ನಮ್ಮ ಕಡೆ ಅಪರೂಪವಲ್ಲ.

ಅರ್ಥಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಎರೆಭೂಮಿ ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಗುಂಡಿಯ ಮಣ್ಣು ಪೈಪನ್ನು ಬಿಟ್ಟು ಸರಿಯುತ್ತದೆ, ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥ್ ಏಪ್ರಿಲ್‌ನಲ್ಲಿ ಹೆಸರಿಗೆ ಮಾತ್ರ ಉಳಿಯುತ್ತದೆ. ವಾರಕ್ಕೊಮ್ಮೆ ಗುಂಡಿಗೆ ನೀರು ಹಾಕಿ. ಮೀಟರ್‌ನಲ್ಲಿ ಫೇಸ್–ಅರ್ಥ್ ನಡುವೆ 230 ಬಂತು ಎಂದರೆ ಅರ್ಥ್ ಗಟ್ಟಿ ಇದೆ ಎಂದಲ್ಲ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಕೆಟ್ಟ ಅರ್ಥ್ ಮೇಲೂ ಅದು ಪೂರ್ತಿ ತೋರಿಸುತ್ತದೆ. ವೈರ್‌ಮನ್ ಅರ್ಥ್ ಟೆಸ್ಟರ್ ತಂದು ಬೇಸಿಗೆಯಲ್ಲೇ ಅಳೆಯಬೇಕು. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಸರಿ. ಹತ್ತು ದಾಟಿದರೆ ಎಸ್‌ಎಂಪಿಎಸ್ ಜೋಡಿಸುವ ಮೊದಲು ಕಾರಣ ಹುಡುಕಿಸಿ: ಸಡಿಲ ನ್ಯೂಟ್ರಲ್ ಇರಬಹುದು. ನ್ಯೂಟ್ರಲ್ ಕಂಬದ ಹತ್ತಿರವೇ ಕಡಿದರೆ ಒಂದು ಮನೆಗೆ 400 ವೋಲ್ಟ್ ತನಕ ಬಂದು ಎಲ್ಲ ಸುಡುತ್ತದೆ.

ಲೋಹದ ಡಬ್ಬಿ ಅಥವಾ ಫ್ಯಾನ್ ಜಾಲರಿ ಮುಟ್ಟಿದರೆ ಬೆರಳ ಹಿಂಬದಿಗೆ ಜುಂ ಅನ್ನುತ್ತಿದೆಯೇ? ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಸೋರಿಕೆ ಅದು. ಅರ್ಥ್ ವೈರ್ ಜೋಡಿಸಿಲ್ಲ ಅಥವಾ ಅರ್ಥ್ ಸತ್ತಿದೆ ಎಂದರ್ಥ. ಆಫ್ ಮಾಡಿ, ಸರಿಪಡಿಸಿದ ಮೇಲೆಯೇ ಆನ್ ಮಾಡಿ.

12 ವೋಲ್ಟಿನ ವೈರ್

ಇಲ್ಲಿ ಶಾಕ್ ಹೊಡೆಯುವ ಭಯವಿಲ್ಲ, ಬೆಂಕಿಯದು ಇದೆ. ಡಬ್ಬಿಯಿಂದ ಹೊರಡುವ ಪ್ಲಸ್ ವೈರ್‌ಗೆ ಒಂದು ಗೇಣಿನೊಳಗೇ ಫ್ಯೂಸ್ ಹಾಕಿ. ಒಟ್ಟು 0.9 ಆಂಪ್ ಇದ್ದರೆ 2 ಆಂಪಿನ ಫ್ಯೂಸ್, ಬೈಕ್‌ನಲ್ಲಿ ಹಾಕುವ ಬ್ಲೇಡ್ ಫ್ಯೂಸ್ ಮತ್ತು ಅದರ ಹೋಲ್ಡರ್ ನಡೆಯುತ್ತದೆ. 5 ಆಂಪಿನ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೋಣೆಗೆ ಹೋಗುವ ಪ್ರತಿ ಕವಲಿಗೂ ಬೇರೆ ಫ್ಯೂಸ್ ಬೇಕು, ಯಾಕೆಂದರೆ ಫ್ಯಾನ್‌ನ ತೆಳು ವೈರ್ 5 ಆಂಪ್ ತಡೆಯುವುದಿಲ್ಲ. ಎಲ್ಲ ಫ್ಯಾನ್‌ಗಳೂ ಪ್ಯಾರಲಲ್: ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್.

ದಪ್ಪ ಎಷ್ಟಿರಬೇಕು? ಹಾಲ್‌ನಿಂದ ಮಾಳಿಗೆ ಗವಾಕ್ಷಿಗೆ 12 ಮೀಟರ್ ಎಂದರೆ ಹೋಗಿ ಬರಲು 24 ಮೀಟರ್. 0.75 ಚದರ ಮಿ.ಮೀ. ತಾಮ್ರದ ರೋಧ ಮೀಟರಿಗೆ ಸುಮಾರು 0.025 ಓಮ್, 0.9 ಆಂಪಿಗೆ ಅರ್ಧ ವೋಲ್ಟ್ ಕಳೆಯುತ್ತದೆ, ಪರವಾಗಿಲ್ಲ. ಅದೇ 0.2 ಚದರ ಮಿ.ಮೀ.ನ ಕಾಲಿಂಗ್ ಬೆಲ್ ವೈರ್ ಹಾಕಿದರೆ ಎರಡು ವೋಲ್ಟ್ ಹತ್ತಿರ ಹೋಗಿ ಫ್ಯಾನ್‌ಗೆ ಹತ್ತೇ ಉಳಿಯುತ್ತದೆ. ಅಗ್ಗದ ಸ್ಪೀಕರ್ ವೈರ್‌ನಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ. ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ಅದು ಬೇಡ.

ಇನ್ನೊಂದು ಗೊಂದಲ ನೋಡಿ. ನಮ್ಮ ಮನೆಗಳ ವೈರಿಂಗ್‌ನಲ್ಲಿ ಕೆಂಪು ಎಂದರೆ ಫೇಸ್, ಕಪ್ಪು ಎಂದರೆ ನ್ಯೂಟ್ರಲ್. ಫ್ಯಾನ್‌ನಲ್ಲೂ ಕೆಂಪು–ಕಪ್ಪು. ಐದು ವರ್ಷದ ಮೇಲೆ ಬಂದ ಇನ್ನೊಬ್ಬ ವೈರ್‌ಮನ್ ಜಂಕ್ಷನ್ ಡಬ್ಬಿ ತೆರೆದು, ಕೆಂಪು–ಕಪ್ಪು ಜೋಡಿ ನೋಡಿ 230 ಕೊಟ್ಟುಬಿಡುತ್ತಾನೆ. 12 ವೋಲ್ಟಿನ ಓಟಕ್ಕೆ ಬೇರೆ ಬಣ್ಣದ ಜೋಡಿ ವೈರ್ ಹಾಕಿ, ಎರಡೂ ತುದಿಗೆ ‘12 ವೋಲ್ಟ್ ಡಿಸಿ’ ಎಂದು ಬರೆದ ಪಟ್ಟಿ ಅಂಟಿಸಿ. 230ರ ವೈರ್ ಇರುವ ಪೈಪಿನಲ್ಲಿ ಇದನ್ನು ತೂರಿಸಲೇಬೇಡಿ. ಇಲಿ ಕಡಿದು ಎರಡೂ ಸೇರಿದರೆ ನಿಮ್ಮ 12 ವೋಲ್ಟ್ ಫ್ಯಾನ್‌ನ ಜಾಲರಿ ಫೇಸ್ ಆಗಿ ನಿಲ್ಲುತ್ತದೆ.

ಕೂರಿಸುವುದು, ಪರೀಕ್ಷಿಸುವುದು

ಶಹಾಬಾದ್ ಕಲ್ಲಿನ ಗೋಡೆಯಲ್ಲಿ ಹೊಸದಾಗಿ ತೂತು ಕೊರೆಸುವ ಮೊದಲು ಇರುವ ಕಿಂಡಿ, ಗವಾಕ್ಷಿ ನೋಡಿಕೊಳ್ಳಿ. ಕೊರೆಸುವುದೇ ಆದರೆ 110 ಮಿ.ಮೀ. ಪಿವಿಸಿ ಪೈಪಿಗೆ ಸರಿಯಾಗಿ, ಹೊರಗಡೆಗೆ ತುಸು ಇಳಿಜಾರಾಗಿ. 12 ಮಿ.ಮೀ. ಪ್ಲೈವುಡ್ ತುಂಡಿನಲ್ಲಿ 115 ಮಿ.ಮೀ. ವೃತ್ತ ಕತ್ತರಿಸಿ ಫ್ಯಾನ್ ಬಿಗಿಯಿರಿ; ಸ್ಕ್ರೂ ತೂತುಗಳ ಅಂತರ 105 ಮಿ.ಮೀ. ಫ್ಯಾನ್ ಚೌಕಟ್ಟಿನ ಬದಿಯಲ್ಲಿ ಎರಡು ಬಾಣ ಇರುತ್ತವೆ, ಒಂದು ರೆಕ್ಕೆ ತಿರುಗುವ ದಿಕ್ಕು, ಇನ್ನೊಂದು ಗಾಳಿ ಹೋಗುವ ದಿಕ್ಕು. ಬಾಣ ಇಲ್ಲದಿದ್ದರೆ ಅಡ್ಡಪಟ್ಟಿ ಮತ್ತು ಲೇಬಲ್ ಇರುವ ಮುಖದಿಂದ ಗಾಳಿ ಹೊರಬರುತ್ತದೆ ಎಂದು ತಿಳಿಯಿರಿ.

ಏಣಿ ಹತ್ತುವ ಮುನ್ನ ನೆಲದ ಮೇಲೆ ಇದೆಲ್ಲ ಮುಗಿಸಿ:

1. ಫ್ಯಾನ್ ಜೋಡಿಸದೆ ಎಸ್‌ಎಂಪಿಎಸ್ ಒಂದನ್ನೇ ಆನ್ ಮಾಡಿ, ಮೀಟರ್ ಡಿಸಿ 20ರಲ್ಲಿಟ್ಟು ಅಳೆಯಿರಿ. 11.5ರಿಂದ 12.5 ಇರಬೇಕು. ಮುಂದೆ ಮೈನಸ್ ಗುರುತು ಬಂದರೆ ಕಡ್ಡಿ ಉಲ್ಟಾ ಹಿಡಿದಿದ್ದೀರಿ ಅಥವಾ ವೈರ್ ಉಲ್ಟಾ ಇದೆ.
2. ಆಫ್ ಮಾಡಿ ಒಂದು ಫ್ಯಾನ್ ಜೋಡಿಸಿ, ಆನ್ ಮಾಡಿ. ತಿರುಗದಿದ್ದರೆ ಪೊಲಾರಿಟಿ ನೋಡಿ. ಒಳ್ಳೆಯ ಫ್ಯಾನ್ ಉಲ್ಟಾ ಕೊಟ್ಟರೆ ಸುಮ್ಮನಿರುತ್ತದೆ, ಅಗ್ಗದ್ದು ಸುಟ್ಟ ವಾಸನೆ ಕೊಡುತ್ತದೆ.
3. ಎಲ್ಲ ಜೋಡಿಸಿ ಒಂದು ತಾಸು ಓಡಿಸಿ. ಕೊನೆಯ ಫ್ಯಾನ್‌ನ ತುದಿಯಲ್ಲಿ 11.4ಕ್ಕಿಂತ ಕಡಿಮೆ ಬಂದರೆ ವೈರ್ ತೆಳುವಾಯಿತು. ಅಡಾಪ್ಟರ್ ಮೇಲೆ ಅಂಗೈ ಇಡಲಾಗದಷ್ಟು ಬಿಸಿಯಾದರೆ ದೊಡ್ಡದು ತನ್ನಿ.

ಜಾಗಕ್ಕೆ ತಕ್ಕಂತೆ

ಬಚ್ಚಲಿಗೆ: ಎಸ್‌ಎಂಪಿಎಸ್ ಮತ್ತು ಸ್ವಿಚ್ ಹೊರಗೆ, ಬಾಗಿಲ ಮೇಲೆ. ಒಳಗೆ ಹೋಗುವುದು 12 ವೋಲ್ಟ್ ಒಂದೇ, ಅದು ಒದ್ದೆ ಮೈಗೂ ಅಪಾಯವಿಲ್ಲದ ಮಿತಿಯೊಳಗಿದೆ. ಫ್ಯಾನ್ ಐಪಿ55 (ದೂಳು, ನೀರು ತಡೆಯುವ ದರ್ಜೆ) ಅಥವಾ ಮೇಲಿನದು ಇರಲಿ. ಕಂಪ್ಯೂಟರ್ ಫ್ಯಾನ್ ಹಬೆಗೆ ಬೇಗ ತುಕ್ಕು ಹಿಡಿಯುತ್ತದೆ. ವೈರ್ ಫ್ಯಾನ್‌ಗೆ ಸೇರುವ ಮುಂಚೆ ಕೆಳಗೆ ಒಂದು ಬಳುಕು ಬಿಟ್ಟರೆ ಹನಿ ಅಲ್ಲೇ ಉದುರುತ್ತದೆ.

ಅಡುಗೆಮನೆಗೆ: ವಗ್ಗರಣೆ ಎಣ್ಣೆ, ರೊಟ್ಟಿ ತಟ್ಟುವಾಗಿನ ಜೋಳದ ಹಿಟ್ಟು ಎರಡೂ ಸೇರಿ ರೆಕ್ಕೆಯ ಮೇಲೆ ಅಂಟಾಗುತ್ತವೆ, ತಿಂಗಳಿಗೊಮ್ಮೆ ಒರೆಸದಿದ್ದರೆ ಬೇರಿಂಗ್ ಹೋಗುತ್ತದೆ. ಒಲೆಯ ನೇರ ಮೇಲೆ ಕೂರಿಸಬೇಡಿ. ಗ್ಯಾಸ್ ವಾಸನೆ ಬಂದರೆ ಈ ಫ್ಯಾನ್ ಸೇರಿದಂತೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ಬಾಗಿಲು ತೆರೆಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಮೇಲಿನ ಫ್ಯಾನ್ ಅದನ್ನು ಎಳೆಯಲಾರದು.

ಇನ್ವರ್ಟರ್ ಮೂಲೆಗೆ: ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ 4% ಸೇರಿದರೆ ಕಿಡಿಗೆ ಸ್ಫೋಟಿಸಬಲ್ಲದು. ಅದು ಹಗುರ, ಆದ್ದರಿಂದ ಫ್ಯಾನ್ ಸೂರಿನ ಹತ್ತಿರ, ಒಳಗಾಳಿಯ ಕಿಂಡಿ ನೆಲದ ಹತ್ತಿರ. ಬ್ರಶ್ ಇಲ್ಲದ ಫ್ಯಾನ್ ಆಗಿರಲಿ, ಸ್ವಿಚ್ ಮತ್ತು ಎಸ್‌ಎಂಪಿಎಸ್ ಕೋಣೆಯ ಆಚೆ ಇರಲಿ.

ತೊಗರಿ ಕೋಣೆಗೆ: ಇಲಿಗಾಗಿ ವೈರ್ ಪೂರ್ತಿ ಪೈಪಿನೊಳಗೆ, ದೂಳಿಗಾಗಿ ಜಾಲರಿ. ಕಾಳಿನ ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಹೊರಡುವ ಫಾಸ್ಫೀನ್ ತಾಮ್ರವನ್ನು ತಿನ್ನುತ್ತದೆ, ಫ್ಯಾನ್‌ನ ಸರ್ಕ್ಯೂಟ್ ಹೋಗುವುದು ಖಂಡಿತ. ಜನ ಮಲಗುವ ಮನೆಗೆ ಹೊಂದಿದ ಕೋಣೆಯಲ್ಲಂತೂ ಆ ಗುಳಿಗೆ ಇಡಲೇಬಾರದು; ಫ್ಯಾನ್ ಇದೆ, ಎಳೆದು ಹಾಕುತ್ತದೆ ಎಂಬ ಧೈರ್ಯ ಪ್ರಾಣಕ್ಕೆ ಎರವಾಗುತ್ತದೆ.

ಗವಾಕ್ಷಿ ಫ್ಯಾನನ್ನು ಬೇಸಿಗೆಯ ಮಧ್ಯಾಹ್ನ ಓಡಿಸಿದರೆ ಹೊರಗಿನ 43 ಡಿಗ್ರಿಯ ಝಳವನ್ನೇ ಒಳಗೆ ಎಳೆಯುತ್ತೀರಿ. ರಾತ್ರಿ ಎಂಟರಿಂದ ಬೆಳಗಿನ ಆರರ ತನಕ ಓಡಿಸಿ, ಹಗಲು ಮುಚ್ಚಿಡಿ. ಸಾಕೆಟ್‌ಗೆ ಚುಚ್ಚುವ ಟೈಮರ್ ಇದಕ್ಕೆ ಸಾಕು. ಮೂರು ಫ್ಯಾನ್ ಹತ್ತು ತಾಸು ಓಡಿದರೆ ಎಸ್‌ಎಂಪಿಎಸ್ ನಷ್ಟವೂ ಸೇರಿ ತಿಂಗಳಿಗೆ ಸುಮಾರು 4 ಯೂನಿಟ್.

ವೇಗ ಇಳಿಸಬೇಕಿದ್ದರೆ ಗೋಡೆಯ ಸೀಲಿಂಗ್ ಫ್ಯಾನ್ ರೆಗ್ಯುಲೇಟರ್ ಮೂಲಕ ಎಸ್‌ಎಂಪಿಎಸ್‌ಗೆ ಕೊಡಬೇಡಿ. ಅದು ಅಲೆಯನ್ನು ಕತ್ತರಿಸಿ ಕೊಡುತ್ತದೆ, ಎಸ್‌ಎಂಪಿಎಸ್ ಒದ್ದಾಡಿ ಸಾಯುತ್ತದೆ. 12 ವೋಲ್ಟಿನ ಕಡೆ ಎಲ್‌ಎಂ2596 ಬಕ್ ಮಾಡ್ಯೂಲ್ (ಡಿಸಿ ವೋಲ್ಟೇಜ್ ಇಳಿಸುವ ಸಣ್ಣ ಬೋರ್ಡ್) ಹಾಕಿ 8–9 ವೋಲ್ಟಿಗೆ ಇಳಿಸಿ. ಅದರಿಂದ 2 ಆಂಪಿಗಿಂತ ಹೆಚ್ಚು ಎಳೆಯಬೇಡಿ. 6ಕ್ಕಿಂತ ಕೆಳಗೆ ಹೋದರೆ ಕೆಲವು ಫ್ಯಾನ್ ಶುರುವಾಗದೆ ನಡುಗುತ್ತಾ ನಿಲ್ಲುತ್ತವೆ.

ಆಮೇಲೆ ಕೆಟ್ಟರೆ

ಫ್ಯಾನ್ ಎರಡು ಸುತ್ತು ತಿರುಗಿ ನಿಂತು ಮತ್ತೆ ತಿರುಗುತ್ತಿದ್ದರೆ ಎಸ್‌ಎಂಪಿಎಸ್‌ಗೆ ಹೊರೆ ಹೆಚ್ಚಾಗಿದೆ ಅಥವಾ ಎಲ್ಲೋ ಶಾರ್ಟ್ ಇದೆ. ಒಂದೊಂದೇ ಫ್ಯಾನ್ ಬಿಚ್ಚಿ ನೋಡಿ. ಕರಕರ ಸದ್ದಿಗೆ ಬೇರಿಂಗ್ ಕಾರಣ, ಎಣ್ಣೆ ಬಿಟ್ಟರೆ ಒಂದು ತಿಂಗಳು ತಳ್ಳೀತು, ಬದಲಿಸುವುದೇ ಲೇಸು. ಫ್ಯೂಸ್ ಹೋದರೆ ಕಾರಣ ಸಿಗುವ ತನಕ ಹೊಸದು ಹಾಕಬೇಡಿ, ದೊಡ್ಡದಂತೂ ಬೇಡ. ಆರ್‌ಸಿಸಿಬಿ ಬಿದ್ದರೆ 12 ವೋಲ್ಟಿನ ಕಡೆ ಹುಡುಕುವುದು ವ್ಯರ್ಥ. ಟ್ರಾನ್ಸ್‌ಫಾರ್ಮರ್‌ನ ಆಚೆಯ ದೋಷ ಅದಕ್ಕೆ ಕಾಣುವುದಿಲ್ಲ. ಎಸ್‌ಎಂಪಿಎಸ್‌ನ 230ರ ಕಡೆ, ಅದರ ಡಬ್ಬಿಯಲ್ಲಿ ತೇವ ಅಥವಾ ಇರುವೆ ನೋಡಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಅದನ್ನೇ ಬದಲಿಸಬೇಕು. ರೆಕ್ಕೆ ಒರೆಸುವಾಗ ಆಫ್ ಮಾಡಿ ಬೆರಳಿನಿಂದ ರೆಕ್ಕೆ ಹಿಡಿದುಕೊಳ್ಳಿ. ಬ್ಲೋವರ್‌ನಿಂದ ಊದಿ ಅದನ್ನು ಗಿರಗಿರನೆ ತಿರುಗಿಸಿದರೆ ಬೇರಿಂಗ್ ಹಾಳಾಗುತ್ತದೆ.